ಹೃದಯ ಸೋತಿತು ಎನ್ನುವ ಮೊದಲು ನಾಡಿ ಎಣಿಸಿ

‘ಹಾರ್ಟು ಬರೀ ಮೂವತ್ತು ಪರ್ಸೆಂಟ್ ಕೆಲಸ ಮಾಡಾಕತ್ತೈತಂತ್ರಿ ಡಾಕ್ಟ್ರ, ಇನ್ನ ಎಷ್ಟ ದಿನಾ?’ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಲ್ಲಿ ವೈದ್ಯವೃತ್ತಿ ಮಾಡುವ ಯಾರಿಗೂ ಇದು ಹೊಸ ಪ್ರಶ್ನೆಯಲ್ಲ. ಎಕೋ ಪರೀಕ್ಷೆಯ ಕಾಗದದ ಮೇಲಿರುವ ಒಂದು ಅಂಕಿಯನ್ನು ನೋಡಿ ಮನೆಯವರು ಧೈರ್ಯಗೆಡುತ್ತಾರೆ. ಕೆಲವರು ಹೊಲ ಮಾರುವ ಮಾತಾಡುತ್ತಾರೆ. ಇನ್ನು ಕೆಲವರು ‘ಆದದ್ದಾಯಿತು’ ಎಂದು ಗುಳಿಗೆಯನ್ನೇ ನಿಲ್ಲಿಸಿ ರೋಗಿಯನ್ನು ಮನೆಗೆ ಕರೆದೊಯ್ಯುತ್ತಾರೆ.

ಆದರೆ ಆ ಎಕೋ ಮಾಡುವಾಗ ರೋಗಿಯ ನಾಡಿ ನಿಮಿಷಕ್ಕೆ ಎಷ್ಟಿತ್ತು? ಅದು ಕ್ರಮವಾಗಿತ್ತೇ, ಅಡ್ಡಾದಿಡ್ಡಿಯಾಗಿತ್ತೇ? ಈ ಪ್ರಶ್ನೆಯನ್ನು ಕೇಳುವವರು ಕಡಿಮೆ. ಹೃದಯ ದುರ್ಬಲವಾದುದರಿಂದ ಬಡಿತ ತಪ್ಪುವುದುಂಟು. ಬಡಿತ ತಪ್ಪಿದ್ದರಿಂದಲೇ ಹೃದಯ ದುರ್ಬಲವಾಗುವುದೂ ಉಂಟು. ಎರಡನೆಯದಾಗಿದ್ದರೆ ಆ ದೌರ್ಬಲ್ಯವನ್ನು ಬಹುಮಟ್ಟಿಗೆ ಹಿಂದಕ್ಕೆ ತಿರುಗಿಸಬಹುದು. ಹೃದ್ರೋಗದಲ್ಲಿ ಇಂಥ ಅವಕಾಶ ಸಿಗುವುದೇ ಅಪರೂಪ. ಅದನ್ನು ಕೈಚೆಲ್ಲಬಾರದು ಎಂಬುದೇ ಈ ಲೇಖನದ ವಾದ.

ಶೇ. 60 ಎಂದರೆ ಪೂರ್ಣ ಆರೋಗ್ಯ

ಮೊದಲು ಆ ಅಂಕಿಯ ಗೊಂದಲವನ್ನು ಪರಿಹರಿಸೋಣ. ಎಕೋ ವರದಿಯಲ್ಲಿ ಇ.ಎಫ್. ಎಂದು ಬರೆದಿರುತ್ತಾರೆ. ಎಜೆಕ್ಷನ್ ಫ್ರ್ಯಾಕ್ಷನ್ ಎಂಬುದರ ಸಂಕ್ಷೇಪ ಅದು. ಹೃದಯದ ಎಡ ಕೆಳಕೋಣೆಯಲ್ಲಿ (ಎಡ ಹೃತ್ಕುಕ್ಷಿ) ತುಂಬಿದ ರಕ್ತದಲ್ಲಿ ಎಷ್ಟು ಪಾಲನ್ನು ಅದು ಒಂದು ಸಲದ ಬಡಿತಕ್ಕೆ ಹೊರದೂಡುತ್ತದೆ ಎಂಬುದರ ಲೆಕ್ಕ. ಆರೋಗ್ಯವಂತರಲ್ಲೂ ಇದು 100 ಇರುವುದಿಲ್ಲ. 55ರಿಂದ 70ರವರೆಗೆ ಇದ್ದರೆ ಸಹಜ. ಹಾಗಾಗಿ 60 ಎಂದು ಬಂದರೆ ‘ನಲವತ್ತು ಪರ್ಸೆಂಟ್ ಕೆಟ್ಟಿದೆ’ ಎಂದು ಅಂಜಬೇಕಾಗಿಲ್ಲ. 40 ಅಥವಾ ಅದಕ್ಕಿಂತ ಕಡಿಮೆಯಾದರೆ ಪಂಪಿನ ಶಕ್ತಿ ಕುಗ್ಗಿದೆ ಎಂದು ತಿಳಿಯಬೇಕು.

ಇನ್ನೊಂದು ಮಾತು. ನಾಡಿ 150ರ ವೇಗದಲ್ಲಿ ಅಡ್ಡಾದಿಡ್ಡಿಯಾಗಿ ಓಡುತ್ತಿರುವಾಗ ಅಳೆದ ಅಂಕಿಯನ್ನು ಕೊನೆಯ ತೀರ್ಪೆಂದು ಭಾವಿಸಬಾರದು. ಆಗ ಒಂದೊಂದು ಬಡಿತಕ್ಕೂ ಒಂದೊಂದು ಅಂಕಿ ಬರುತ್ತದೆ. ಹಲವು ಬಡಿತಗಳ ಸರಾಸರಿ ತೆಗೆಯಬೇಕಾಗುತ್ತದೆ. ವೇಗ ತಗ್ಗಿದ ಮೇಲೆ ಮತ್ತೊಮ್ಮೆ ಅಳೆದಾಗ ಸಿಗುವ ಅಂಕಿಯೇ ಹೆಚ್ಚು ನಂಬಿಕೆಗೆ ಅರ್ಹ.

ಬಾವಿ ತುಂಬಲು ಬಿಡುವು ಬೇಕು

ಬಡಿತಕ್ಕೂ ಪಂಪಿಗೂ ಏನು ಸಂಬಂಧ? ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾವಿಯಲ್ಲಿ ನೀರಿನ ಸೆಲೆ ನಿಧಾನವಾಗಿ ತುಂಬುತ್ತದೆ. ತುಂಬಲು ಬಿಡುವೇ ಕೊಡದೆ ಮೋಟಾರು ಓಡಿಸಿದರೆ ಸದ್ದು ಬರುತ್ತದೆ, ಕರೆಂಟು ಉರಿಯುತ್ತದೆ, ಪೈಪಿನಲ್ಲಿ ಬರುವುದು ಮಾತ್ರ ಗಾಳಿ. ಕೊನೆಗೆ ಮೋಟಾರೇ ಸುಡುತ್ತದೆ.

ಹೃದಯವೂ ಹಾಗೆಯೇ. ವಿಶ್ರಾಂತಿಯಲ್ಲಿ ಅದು ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೆ ಸುಮಾರು 70 ಮಿಲಿಲೀಟರಿನಂತೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮುಂದೂಡುತ್ತದೆ. ನಾಡಿ 75 ಇದ್ದಾಗ ಒಂದು ಬಡಿತದಿಂದ ಇನ್ನೊಂದಕ್ಕೆ 0.8 ಸೆಕೆಂಡು. ಅದರಲ್ಲಿ ಹೆಚ್ಚಿನ ಪಾಲು ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳುವ ಸಮಯ. ನಾಡಿ 150ಕ್ಕೆ ಏರಿದರೆ ಇಡೀ ಅವಧಿಯೇ 0.4 ಸೆಕೆಂಡಿಗೆ ಇಳಿಯುತ್ತದೆ. ಹಿಂಡುವ ಸಮಯ ಹೆಚ್ಚು ಕಡಿಮೆಯಾಗುವುದಿಲ್ಲ. ಕತ್ತರಿ ಬೀಳುವುದೆಲ್ಲ ತುಂಬುವ ಸಮಯಕ್ಕೆ. ಹೃದಯದ ಸ್ನಾಯುವಿಗೆ ಸ್ವಂತಕ್ಕೆ ಬೇಕಾದ ರಕ್ತ ಹರಿಯುವುದೂ ಬಹುಪಾಲು ಇದೇ ಬಿಡುವಿನಲ್ಲಿ. ಹೀಗಾಗಿ ದುಡಿತ ಹೆಚ್ಚಾಗಿ ಕೂಳು ಕಡಿಮೆಯಾದ ಆಳಿನಂತೆ ಹೃದಯ ಬಳಲುತ್ತದೆ.

ನಾಡಿ ತಪ್ಪುವ ರೋಗಗಳಲ್ಲಿ ಅತಿ ಸಾಮಾನ್ಯವಾದದ್ದು ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಮೇಲಿನ ಕೋಣೆಗಳು (ಹೃತ್ಕರ್ಣಗಳು) ಒಟ್ಟಾಗಿ ಹಿಂಡುವ ಬದಲು ಗಾಳಿಗೆ ಸಿಕ್ಕ ಎಲೆಯಂತೆ ಅದುರುವುದು. ಸಹಜವಾಗಿ ಕೆಳಕೋಣೆ ತುಂಬುವುದರಲ್ಲಿ ಸುಮಾರು ಐದನೆಯ ಒಂದು ಭಾಗ ಮೇಲಿನ ಕೋಣೆ ಹಿಂಡುವುದರಿಂದ ಬರುತ್ತದೆ. ವಯಸ್ಸಾದವರಲ್ಲಿ, ರಕ್ತದ ಒತ್ತಡದಿಂದ ಹೃದಯದ ಗೋಡೆ ಬಿರುಸಾದವರಲ್ಲಿ ಈ ಪಾಲು ಇನ್ನೂ ಹೆಚ್ಚು. ಮೇಲಿನ ಕೋಣೆ ಅದುರತೊಡಗಿದರೆ ಆ ಪಾಲು ಖೋತಾ. ಜೊತೆಗೆ ವೇಗ, ಜೊತೆಗೆ ಅಕ್ರಮ. ಕೆಲವು ಬಡಿತಗಳಲ್ಲಿ ಮುಂದೂಡುವ ರಕ್ತ ಎಷ್ಟು ಅಲ್ಪವೆಂದರೆ ಅವು ಮಣಿಕಟ್ಟಿನವರೆಗೆ ತಲುಪುವುದೇ ಇಲ್ಲ. ಎದೆಯ ಮೇಲೆ ಎಣಿಸಿದರೆ 140, ಕೈಯಲ್ಲಿ ಎಣಿಸಿದರೆ 105!

ಹೀಗೆ ವಾರಗಟ್ಟಲೆ, ತಿಂಗಳುಗಟ್ಟಲೆ ನಡೆದರೆ ಹೃದಯದ ಸ್ನಾಯು ಹಿಗ್ಗಿ ಸಡಿಲಾಗುತ್ತದೆ. ಮೇಲಿನ ಕೋಣೆ ಅದುರುವ ರೋಗಿಗಳಲ್ಲಿ ಹೀಗೆ ಹೃದಯ ಸೋಲುವುದನ್ನು 1913ರಲ್ಲಿಯೇ ಇಂಗ್ಲೆಂಡಿನ ವೈದ್ಯರಾದ ಗಾಸೇಜ್ ಮತ್ತು ಬ್ರಾಕ್ಸ್‌ಟನ್ ಹಿಕ್ಸ್ ಬರೆದಿದ್ದರು. 1962ರಲ್ಲಿ ವಿಪ್ಪಲ್ ಮತ್ತು ಸಂಗಡಿಗರು ಪ್ರಾಣಿಗಳ ಹೃದಯವನ್ನು ವಿದ್ಯುತ್ತಿನಿಂದ ವೇಗವಾಗಿ ಓಡಿಸಿ ಅದು ಸೋಲುವುದನ್ನು ತೋರಿಸಿದರು. ಮುಂದೆ ನಡೆದ ಇಂಥ ಪ್ರಯೋಗಗಳಲ್ಲಿ ವೇಗ ನಿಲ್ಲಿಸಿದ ಮೇಲೆ ಹೃದಯ ಚೇತರಿಸಿಕೊಳ್ಳುವುದೂ ಕಂಡುಬಂತು.

ಒಂದು ಉದಾಹರಣೆ

ಯಂಕಂಚಿಯ ಐವತ್ತೈದು ವರ್ಷದ ರೈತರೊಬ್ಬರನ್ನು ಕಲ್ಪಿಸಿಕೊಳ್ಳೋಣ. ತೊಗರಿ ರಾಶಿಯ ಹೊತ್ತಿಗೆ ಅವರಿಗೆ ತೇಕು ಹತ್ತುತ್ತದೆ. ರಾತ್ರಿ ಮಲಗಿದರೆ ದಮ್ಮು, ಎದ್ದು ಕೂತರೆ ಹಗುರ. ಕಾಲು ಬಾತುಕೊಳ್ಳುತ್ತವೆ. ‘ನಿಶ್ಶಕ್ತಿ’ ಎಂದು ಒಂದು ಸಲೈನು, ‘ದಮ್ಮು’ ಎಂದು ಒಂದು ಸೂಜಿ, ‘ಗ್ಯಾಸು’ ಎಂದು ಒಂದು ಪೊಟ್ಟಣ. ಎರಡು ತಿಂಗಳು ಹೀಗೇ ಕಳೆಯುತ್ತದೆ. ಕೊನೆಗೆ ಸುಮಾರು 60 ಕಿ.ಮೀ. ದೂರದ ವಿಜಯಪುರಕ್ಕೆ ಹೋಗಿ ಎಕೋ ಮಾಡಿಸಿದಾಗ 30 ಎಂಬ ಅಂಕಿ ಬರುತ್ತದೆ. ನಾಡಿ 150, ಅಕ್ರಮ.

ಇವರ ಮುಂದೆ ಎರಡು ದಾರಿಗಳಿವೆ. 30 ಎಂಬ ಅಂಕಿಯನ್ನೇ ಹಣೆಬರಹವೆಂದು ಒಪ್ಪಿಕೊಳ್ಳುವುದು ಒಂದು. ಬಡಿತವನ್ನು ಹತೋಟಿಗೆ ತಂದು, ಮೂರರಿಂದ ಆರು ತಿಂಗಳು ಬಿಡದೆ ಚಿಕಿತ್ಸೆ ಮಾಡಿ, ಮತ್ತೆ ಎಕೋ ಮಾಡಿಸುವುದು ಇನ್ನೊಂದು. ಎರಡನೆಯ ದಾರಿ ಹಿಡಿದವರಲ್ಲಿ ಹಲವರ ಅಂಕಿ 45, 50, 55ಕ್ಕೆ ಏರುವುದುಂಟು. ಎಲ್ಲರದೂ ಏರುತ್ತದೆ ಎಂದಲ್ಲ. ಹಿಂದೆ ಹೃದಯಾಘಾತವಾಗಿ ಸ್ನಾಯುವಿನಲ್ಲಿ ಕಲೆ ಉಳಿದಿದ್ದರೆ, ದೀರ್ಘಕಾಲದ ಮದ್ಯಪಾನದಿಂದ ಸ್ನಾಯು ಹಾಳಾಗಿದ್ದರೆ ಚೇತರಿಕೆ ಕಡಿಮೆ. ಆದರೆ ಯಾರದು ಏರುತ್ತದೆ, ಯಾರದು ಏರುವುದಿಲ್ಲ ಎಂದು ಮೊದಲ ದಿನವೇ ಖಚಿತವಾಗಿ ಹೇಳುವುದು ಬಹಳ ಸಲ ತಜ್ಞರಿಗೂ ಸಾಧ್ಯವಿಲ್ಲ. ಚಿಕಿತ್ಸೆ ಮಾಡಿ ನೋಡುವುದೇ ಪರೀಕ್ಷೆ.

ಬಡಿತ ತಿದ್ದುವ ಎಲ್ಲ ಔಷಧಿಯೂ ಪಂಪಿಗೆ ಹಿತವಲ್ಲ

ಹಾಗಾದರೆ ನಾಡಿಯನ್ನು ಹೇಗಾದರೂ ಮಾಡಿ ಸರಿಪಡಿಸಿದರೆ ಸಾಕೇ? ಸಾಲದು. ವೈದ್ಯಶಾಸ್ತ್ರ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. ಹೃದಯಾಘಾತವಾದವರಲ್ಲಿ ಹೆಚ್ಚುವರಿ ಬಡಿತಗಳನ್ನು ಅಡಗಿಸಿದರೆ ಜೀವ ಉಳಿಯುತ್ತದೆಂದು ನಂಬಿ ಫ್ಲೆಕೈನೈಡ್, ಎನ್‌ಕೈನೈಡ್ ಎಂಬ ಔಷಧಿಗಳನ್ನು ಕೊಡುತ್ತಿದ್ದ ಕಾಲವಿತ್ತು. ಇದನ್ನು ಪರೀಕ್ಷಿಸಲು ನಡೆದ ‘ಕಾಸ್ಟ್’ ಅಧ್ಯಯನದ ಈ ಭಾಗವನ್ನು 1989ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ಲೆಕ್ಕದಂತೆ, 1,498 ರೋಗಿಗಳಲ್ಲಿ ಔಷಧಿ ಪಡೆದ ಅರ್ಧದಷ್ಟು ಜನರಲ್ಲಿ 63 ಮಂದಿ ಸತ್ತರೆ, ಬರೀ ಹುಸಿಗುಳಿಗೆ ಪಡೆದವರಲ್ಲಿ ಸತ್ತವರು 26. ಇ.ಸಿ.ಜಿ. ಕಾಗದ ಚೊಕ್ಕಟವಾಯಿತು, ರೋಗಿ ಉಳಿಯಲಿಲ್ಲ!

ಆದ್ದರಿಂದ ಪಂಪು ದುರ್ಬಲವಾಗಿರುವಾಗ ಔಷಧಿಯ ಆಯ್ಕೆ ನಾಜೂಕಿನ ಕೆಲಸ. ವೆರಾಪಮಿಲ್, ಡಿಲ್ಟಿಯಾಜೆಮ್ ನಾಡಿಯನ್ನು ಚೆನ್ನಾಗಿ ಇಳಿಸುತ್ತವೆ; ಆದರೆ ಹಿಂಡುವ ಶಕ್ತಿಯನ್ನೂ ಕುಗ್ಗಿಸುವುದರಿಂದ ದುರ್ಬಲ ಹೃದಯಕ್ಕೆ ಸಲ್ಲವು. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ವೇಗ ಇಳಿಸುವುದರ ಜೊತೆಗೆ ಹೃದಯವನ್ನು ಕಾಲಕ್ರಮದಲ್ಲಿ ಬಲಪಡಿಸುತ್ತವೆ. ಆದರೆ ಪುಪ್ಪುಸದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಿರುವವರಿಗೆ ಒಮ್ಮೆಗೇ ದೊಡ್ಡ ಪ್ರಮಾಣ ಕೊಟ್ಟರೆ ಅಪಾಯ. ಕಡಿಮೆಯಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು. 1785ರಲ್ಲಿ ವಿಲಿಯಂ ವಿದರಿಂಗ್ ಎಂಬ ವೈದ್ಯ ಫಾಕ್ಸ್‌ಗ್ಲೋವ್ ಗಿಡದ ಎಲೆಯ ಗುಣವನ್ನು ಜಗತ್ತಿಗೆ ತಿಳಿಸಿದ. ಅದೇ ಬಗೆಯ ಗಿಡದಿಂದ ಬಂದ ಡಿಗಾಕ್ಸಿನ್ ಇಂದಿಗೂ ಕಡಿಮೆ ಬೆಲೆಯ ಉಪಯುಕ್ತ ಔಷಧಿ. ಅದರ ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಅಂತರ ಕಡಿಮೆ. ಹಸಿವು ಹೋಗುವುದು, ವಾಂತಿ, ಕಣ್ಣಿಗೆ ಹಳದಿ ಕಾಣುವುದು ಇವು ಎಚ್ಚರಿಕೆಯ ಗಂಟೆಗಳು. ಅಮಿಯೊಡಾರೋನ್ ದುರ್ಬಲ ಹೃದಯಕ್ಕೂ ಕೊಡಬಹುದಾದ ಔಷಧಿ. ಆದರೆ ಥೈರಾಯಿಡ್, ಯಕೃತ್ತು, ಪುಪ್ಪುಸಗಳ ಮೇಲೆ ಕಣ್ಣಿಡಬೇಕು.

ವೇಗವನ್ನು ಎಷ್ಟಕ್ಕೆ ಇಳಿಸಬೇಕು? ನೆದರ್‌ಲ್ಯಾಂಡ್ಸಿನಲ್ಲಿ 614 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ‘ರೇಸ್–2’ ಅಧ್ಯಯನ, ವಿಶ್ರಾಂತಿಯಲ್ಲಿ ನಾಡಿ 110ಕ್ಕಿಂತ ಕೆಳಗಿದ್ದರೆ ಬಹುತೇಕರಿಗೆ ಸಾಕು ಎಂದು ತೋರಿಸಿತು. ಪಂಪು ಈಗಾಗಲೇ ದುರ್ಬಲವಾಗಿರುವವರಿಗೆ ಇನ್ನೂ ಸ್ವಲ್ಪ ಬಿಗಿಯಾದ ಹತೋಟಿ ಬೇಕಾಗಬಹುದು. ಅದನ್ನು ನಿಮ್ಮ ವೈದ್ಯರು ನಿರ್ಧರಿಸುತ್ತಾರೆ.

ಷಾಕ್ ಕೊಟ್ಟ ಮೇಲೂ ಎಚ್ಚರ

ಕೆಲವರಿಗೆ ವಿದ್ಯುತ್ ಆಘಾತ ಕೊಟ್ಟು ಬಡಿತವನ್ನು ಒಂದೇ ಕ್ಷಣದಲ್ಲಿ ಕ್ರಮಕ್ಕೆ ತರುತ್ತಾರೆ. ಇ.ಸಿ.ಜಿ. ಕೂಡಲೇ ಸರಿಯಾಗುತ್ತದೆ. ಆದರೆ ಬಹುದಿನ ಅದುರುತ್ತಿದ್ದ ಮೇಲಿನ ಕೋಣೆ ಅಂದೇ ಹಿಂಡಲು ಕಲಿಯುವುದಿಲ್ಲ. ಅದು ಮಂಕು ಕವಿದಂತೆ ಹಲವು ದಿನ, ಕೆಲವರಲ್ಲಿ ವಾರಗಟ್ಟಲೆ ಸುಮ್ಮನಿರುತ್ತದೆ. ಆ ಅವಧಿಯಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಹಾರಿ ಲಕ್ವ ಹೊಡೆಯಬಹುದು. ಅದಕ್ಕಾಗಿಯೇ ಷಾಕ್ ನಂತರ ಕನಿಷ್ಠ 4 ವಾರ ರಕ್ತ ತೆಳುಗೊಳಿಸುವ ಗುಳಿಗೆ ಕೊಡುತ್ತಾರೆ. ‘ನಾಡಿ ಸರಿಯಾಯಿತಲ್ಲ’ ಎಂದು ಅದನ್ನು ಬಿಡುವುದು ಜೀವದೊಡನೆ ಜೂಜು.

ತೊಡೆಯ ರಕ್ತನಾಳದ ಮೂಲಕ ಸಣ್ಣ ತಂತಿ ಹಾಯಿಸಿ, ಬಡಿತ ಕೆಡಿಸುವ ಜಾಗವನ್ನು ಸುಡುವ ಅಬ್ಲೇಶನ್ ಎಂಬ ಚಿಕಿತ್ಸೆಯೂ ಇದೆ. ಕಾರಣ ತಿಳಿಯದೆ ದುರ್ಬಲವಾದ ಹೃದಯದ ಜೊತೆಗೆ ಈ ಅದುರುವಿಕೆಯೂ ಇದ್ದವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ 2017ರ ಒಂದು ಸಣ್ಣ ಅಧ್ಯಯನದಲ್ಲಿ, 6 ತಿಂಗಳಲ್ಲಿ ಇ.ಎಫ್. ಅಂಕಿ ಸರಾಸರಿ 18ರಷ್ಟು ಏರಿತು. ಬರೀ ವೇಗ ಇಳಿಸಿದವರಲ್ಲಿ ಏರಿದ್ದು 4.4. ಅಂಕಿ 35 ಅಥವಾ ಅದಕ್ಕೂ ಕಡಿಮೆಯಿದ್ದ 363 ರೋಗಿಗಳ ಮೇಲೆ ನಡೆದ 2018ರ ‘ಕಾಸಲ್–ಎಎಫ್’ ಅಧ್ಯಯನದಲ್ಲಿ, ಸತ್ತವರ ಅಥವಾ ಹೃದಯ ಸೋತು ಆಸ್ಪತ್ರೆ ಸೇರಿದವರ ಪ್ರಮಾಣ ಅಬ್ಲೇಶನ್ ಆದವರಲ್ಲಿ ಶೇ. 28.5, ಔಷಧಿ ಮಾತ್ರ ಪಡೆದವರಲ್ಲಿ ಶೇ. 44.6. ಫಲ ದೊಡ್ಡದು. ಆದರೆ ಚಿಕಿತ್ಸೆ ದುಬಾರಿ, ಎಲ್ಲ ಊರಲ್ಲಿ ಸಿಗುವಂಥದ್ದಲ್ಲ, ಎಲ್ಲರಿಗೂ ಹೊಂದುವಂಥದ್ದೂ ಅಲ್ಲ.

ನಮ್ಮ ಕಡೆಯ ಬೇರೆ ಕಥೆ

ಪರದೇಶದ ಅಧ್ಯಯನಗಳನ್ನು ಓದುವಾಗ ಒಂದು ವ್ಯತ್ಯಾಸವನ್ನು ನೆನಪಿಡಬೇಕು. ಅಲ್ಲಿ ಈ ರೋಗ ಹೆಚ್ಚಾಗಿ ಮುಪ್ಪಿನದು. ನಮ್ಮಲ್ಲಿ ಮೂವತ್ತರ ಹೆಣ್ಣುಮಕ್ಕಳಿಗೂ ಬರುತ್ತದೆ. ಚಿಕ್ಕಂದಿನಲ್ಲಿ ಗಂಟಲು ನೋವು, ಆಮೇಲೆ ಕೀಲು ಬಾವು ಬಂದು ಹೋದ ಸಂಧಿವಾತ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕಿರಿದಾಗಿಸಿರುತ್ತದೆ. ಇಲ್ಲಿ ಪಂಪು ಗಟ್ಟಿಯಾಗಿಯೇ ಇರಬಹುದು, ಅದಕ್ಕೆ ರಕ್ತ ಬರುವ ಬಾಗಿಲೇ ಇಕ್ಕಟ್ಟು. ಅದರ ಮೇಲೆ ನಾಡಿಯೂ ಓಡತೊಡಗಿದರೆ ರಕ್ತ ಹಿಂದಕ್ಕೆ ಒತ್ತಿ ಪುಪ್ಪುಸದಲ್ಲಿ ನೀರು ತುಂಬುತ್ತದೆ. ಬಸುರಿನಲ್ಲಿ ಇದು ಒಮ್ಮೆಗೇ ಉಲ್ಬಣಿಸಬಹುದು. ಬಸುರಿಗೆ ಮಲಗಲಾಗದಷ್ಟು ತೇಕು ಬಂದರೆ ‘ಬಸುರಿಗೆ ಇದೆಲ್ಲ ಸಹಜ’ ಎಂದು ಬಿಡಬೇಡಿ.

ಇವರಿಗೆ ವೇಗ ಇಳಿಸುವುದು ತಾತ್ಕಾಲಿಕ ಉಪಶಮನ, ಕವಾಟ ಬಿಡಿಸುವುದು ನಿಜವಾದ ಚಿಕಿತ್ಸೆ. ಜಪಾನಿನ ಡಾ. ಕಾಂಜಿ ಇನೊಯೆ 1984ರಲ್ಲಿ ಪ್ರಕಟಿಸಿದ ಬಲೂನ್ ವಿಧಾನದಿಂದ ಎದೆ ಕೊಯ್ಯದೆಯೇ ತಕ್ಕ ರೋಗಿಗಳ ಕವಾಟ ಹಿಗ್ಗಿಸಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾದದ್ದು. ಅದರ ಕಲಬುರಗಿ ಶಾಖೆ ನಮ್ಮ ಜಿಲ್ಲೆಯವರಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬಿ.ಪಿ.ಎಲ್. ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸಬೇಕು.

ಕವಾಟ ಕಿರಿದಾಗಿ ನಾಡಿ ತಪ್ಪಿದವರಿಗೆ ರಕ್ತ ತೆಳುಗೊಳಿಸಲು ಹಳೆಯ ವಾರ್ಫರಿನ್ ಬಗೆಯ ಗುಳಿಗೆಯೇ ಮೇಲು. 2022ರಲ್ಲಿ ಪ್ರಕಟವಾದ, ಭಾರತದ ರೋಗಿಗಳೂ ಇದ್ದ ಸುಮಾರು 4,500 ಮಂದಿಯ ‘ಇನ್‌ವಿಕ್ಟಸ್’ ಅಧ್ಯಯನದಲ್ಲಿ ಹೊಸ ಗುಳಿಗೆ ರಿವರಾಕ್ಸಬಾನ್‌ಗಿಂತ ಈ ಹಳೆಯದನ್ನು ಪಡೆದವರಲ್ಲಿ ಸಾವು ಕಡಿಮೆ ಇತ್ತು. ಆದರೆ ವಾರ್ಫರಿನ್ ತೆಗೆದುಕೊಳ್ಳುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು. ಸಾಮಾನ್ಯವಾಗಿ ಅದು 2ರಿಂದ 3ರ ನಡುವೆ ಇರಬೇಕು.

ಗುಣವಾಯಿತೆಂದು ಗುಳಿಗೆ ಬಿಡಬೇಡಿ

ಈಗ ಅತಿ ಮುಖ್ಯವಾದ ಮಾತು. ಅಂಕಿ 30ರಿಂದ 55ಕ್ಕೆ ಏರಿದ ದಿನ ಮನೆಯಲ್ಲಿ ಹಬ್ಬ. ಮರುದಿನದಿಂದ ಗುಳಿಗೆ ಬಂದ್! ಲಂಡನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು. ಹೃದಯ ಹಿಗ್ಗಿ ದುರ್ಬಲವಾಗಿ, ಆಮೇಲೆ ಚೇತರಿಸಿಕೊಂಡ 51 ಮಂದಿಯಲ್ಲಿ 25 ಮಂದಿಯ ಔಷಧಿಯನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ನಿಲ್ಲಿಸಿದರು. 2018ರ ಅಂತ್ಯಕ್ಕೆ ಪ್ರಕಟವಾದ ಫಲಿತಾಂಶದಂತೆ 6 ತಿಂಗಳಲ್ಲಿ ಆ 25ರಲ್ಲಿ 11 ಮಂದಿಯ ರೋಗ ಮರುಕಳಿಸಿತು. ಔಷಧಿ ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. ಇವರ ಹೃದಯ ಕೆಟ್ಟ ಕಾರಣಗಳು ಬೇರೆ ಬೇರೆ ಇದ್ದರೂ ಪಾಠ ಒಂದೇ. ಅಂಕಿ ಏರಿದ್ದು ಗುಳಿಗೆಯ ಆಸರೆಯಲ್ಲಿ. ಬಡಿತದ ವೇಗದಿಂದ ಒಮ್ಮೆ ಸೋತ ಹೃದಯ, ವೇಗ ಮರಳಿದರೆ ಎರಡನೆಯ ಸಲ ಇನ್ನೂ ಬೇಗ ಸೋಲಬಹುದು.

ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಮಹಾರಾಷ್ಟ್ರ, ಗೋವಾಕ್ಕೆ ಗುಳೆ ಹೋಗುವವರು ತಿಂಗಳುಗಳಿಗೆ ಸಾಕಾಗುವ ಗುಳಿಗೆ, ಹಳೆಯ ಇ.ಸಿ.ಜಿ., ಎಕೋ ಕಾಗದ ಜೊತೆಗೇ ಒಯ್ಯಬೇಕು. ಬೆನ್ನು ನೋವಿಗೆಂದು ಅಂಗಡಿಯಲ್ಲಿ ಕೇಳಿ ನುಂಗುವ ಡಿಕ್ಲೊಫೆನಾಕ್‌ನಂಥ ನೋವಿನ ಗುಳಿಗೆಗಳು ದೇಹದಲ್ಲಿ ನೀರು ನಿಲ್ಲಿಸಿ ದುರ್ಬಲ ಹೃದಯವನ್ನು ಮತ್ತೆ ಕೆಡವುತ್ತವೆ. ಉಪ್ಪಿನಕಾಯಿ, ಹಪ್ಪಳ, ಉಪ್ಪು ಮುಂದಾದ ಚಟ್ನಿಪುಡಿ ಕಡಿಮೆ ಮಾಡಿ. ಮದ್ಯ ಪೂರ್ತಿ ಬಿಡಿ. ಥೈರಾಯಿಡ್ ಪರೀಕ್ಷೆ ಒಮ್ಮೆ ಆಗಲಿ. ಥೈರಾಯಿಡ್ ಹೆಚ್ಚಾದರೂ ನಾಡಿ ಹೀಗೆ ಓಡುತ್ತದೆ.

ನಾಡಿ ನೋಡುವುದು ಹೀಗೆ

ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಅಕ್ರಮ ನಾಡಿಗೆ ಸಲ್ಲದು. ಕೂತಲ್ಲೇ 100ಕ್ಕಿಂತ ಹೆಚ್ಚು ಬರುತ್ತಿದ್ದರೆ, ಅಥವಾ ಲಯವೇ ಸಿಗದಂತಿದ್ದರೆ ಇ.ಸಿ.ಜಿ. ಮಾಡಿಸಿ. ನಾಡಿ 50ಕ್ಕಿಂತ ಕೆಳಗಿಳಿದು ತಲೆ ಸುತ್ತಿದರೂ ತೋರಿಸಿ. ಅಲ್ಲೊಂದು ಇಲ್ಲೊಂದು ಬಡಿತ ತಪ್ಪಿದಂತಾಗುವುದು ಆರೋಗ್ಯವಂತರಲ್ಲೂ ಉಂಟು, ಅದಕ್ಕೆ ಅಂಜಬೇಕಿಲ್ಲ. ಎದೆನೋವು, ಪ್ರಜ್ಞೆ ತಪ್ಪುವುದು, ಕೂತಲ್ಲೇ ಏದುಸಿರು, ಬಾಯಿ ಸೊಟ್ಟಗಾಗುವುದು ಅಥವಾ ಒಂದು ಬದಿಯ ಕೈಕಾಲು ಸೋಲುವುದು ಕಂಡರೆ ಮನೆಮದ್ದು ಬೇಡ, ಕೂಡಲೇ 108ಕ್ಕೆ ಕರೆ ಮಾಡಿ.

ಸರ್ಕಾರಕ್ಕೆ ಒಂದು ಮಾತು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ರಾಜ್ಯದ ಜನ ಹೃದಯ ಪರೀಕ್ಷೆಗೆ ಸಾಲುಗಟ್ಟಿದರು. ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೃದಯಾಘಾತಕ್ಕೆ ಸಲಹೆ ಕೊಡುವ ಒಳ್ಳೆಯ ಏರ್ಪಾಡು ಅದು. ಅದೇ ಯಂತ್ರ, ಅದೇ ತಜ್ಞರ ಸಂಪರ್ಕ ನಾಡಿ ತಪ್ಪಿದವರಿಗೂ ಏಕೆ ಒದಗಬಾರದು? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಐ.ಎನ್.ಆರ್. ಪರೀಕ್ಷೆ, ಮೆಟೊಪ್ರೊಲಾಲ್, ಡಿಗಾಕ್ಸಿನ್, ವಾರ್ಫರಿನ್ ಗುಳಿಗೆಗಳು ವರ್ಷವಿಡೀ ಖಾತ್ರಿಯಾಗಿ ಸಿಗಬೇಕು. ಸಂಧಿವಾತ ಜ್ವರ ಬಂದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಸೂಜಿಯೂ ಅದೇ ಸಾಲಿಗೆ ಸೇರಬೇಕು. ಇವು ಯಾವುವೂ ದುಬಾರಿಯಲ್ಲ. ಸೋತ ಹೃದಯವನ್ನು ಮತ್ತೆ ಮತ್ತೆ ಐ.ಸಿ.ಯು.ಗೆ ಸೇರಿಸುವ ಖರ್ಚಿಗೆ ಹೋಲಿಸಿದರೆ ಕೈಕಾಸು.

ನಮ್ಮಂಥ ಸಾಮಾನ್ಯ ವೈದ್ಯರಿಗೂ ಇದರಲ್ಲಿ ಪಾಲಿದೆ. ರೋಗಿ ತಜ್ಞರ ಬಳಿ ಹೋಗುವುದು ವರ್ಷಕ್ಕೆ ಒಂದೆರಡು ಸಲ, ನಮ್ಮ ಬಳಿ ಬರುವುದು ತಿಂಗಳಿಗೊಮ್ಮೆ. ದಮ್ಮಿನ ಸೂಜಿ ಕೊಡುವ ಮೊದಲು ಒಂದು ನಿಮಿಷ ನಾಡಿ ಎಣಿಸಲು ಯಾವ ಯಂತ್ರವೂ ಬೇಕಾಗಿಲ್ಲ. ಮನೆಯವರೂ ವಾರಕ್ಕೊಮ್ಮೆ ನಾಡಿ ಎಣಿಸಿ, ತೂಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಎರಡು–ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು. ಮರುದಿನವೇ ವೈದ್ಯರಿಗೆ ತೋರಿಸಿ.